ನಮ್ಮ ಗೇಟಿಗೆ ಬಂದ ಬೋರ್ಡು

ಮೊದಲೇ ಹೇಳಿಬಿಡುತ್ತೇನೆ, ನಾನು ಸೋತಿಲ್ಲ. ಸದ್ಯ ತಲೆಯ ಮೇಲೆ ಮರಳಿನ ಬಾಂಡ್ಲಿ ಇದೆ ಎನ್ನುವುದು ಬೇರೆ ವಿಷಯ.

ಹೋದ ಸೋಮವಾರ ಶಾಲೆಯಿಂದ ಬಂದರೆ ಗೇಟಿಗೆ ಬೋರ್ಡು ನೇತಾಡುತ್ತಿತ್ತು: ‘ಮನೆ ಮಾರಾಟಕ್ಕಿದೆ’. ನಮ್ಮದು ನಾಯಿಗಳೂ ಯೋಚಿಸಿ ಬೊಗಳುವಂಥ ಸದ್ದಿಲ್ಲದ ಬಡಾವಣೆ. ಅಂಥಲ್ಲಿ ನಾನು ಕೂಗಿದ ಕೂಗಿಗೆ ಎದುರುಮನೆಯ ಕಿಟಕಿಗಳೆಲ್ಲ ತೆರೆದುಕೊಂಡವು.

“ಏನೇ ಇದು?”

“ಓದೋಕೆ ಬರಲ್ವಾ? ಮೇಷ್ಟ್ರು ಬೇರೆ!” ಅಂದಳು ನನ್ನ ಹೆಂಡತಿ.

“ನಮ್ಮಪ್ಪ ಕಟ್ಟಿಸಿದ ಮನೆ ಕಣೇ!”

“ಹೌದು. ಯಾರ ಹೆಸರಿಗೆ ಬರೆದ್ರು?”

ಅಪ್ಪ ಮನೆಯನ್ನು ಸೊಸೆಯ ಹೆಸರಿಗೆ ಬರೆದು ಕಣ್ಣು ಮುಚ್ಚಿದ್ದರು. (ಅವರಿಗೆ ನನ್ನ ಪರಿಚಯ ಚೆನ್ನಾಗಿತ್ತು.)

“ಹನ್ನೊಂದು ವರ್ಷದಿಂದ ಬಡ್ಕೋತಿದೀನಿ. ನಲ್ಲಿ ಸೋರುತ್ತೆ ಅಂದ್ರೆ ‘ಉಸಿರಾಡ್ತಿದೆ’ ಅಂತೀರಿ. ಸೂರು ಸೋರುತ್ತೆ ಅಂದ್ರೆ ‘ಬೆವರ್ತಿದೆ’ ಅಂತೀರಿ. ನೂಕದೆ ಹೊರಡದ ಆ ಸ್ಕೂಟರ್ ಕೂಡ ‘ಚಿನ್ನದಂಥ ಗಾಡಿ’! ಏನೂ ಊನ ಇಲ್ಲದ ಮನೆ ಅಲ್ವಾ, ಒಳ್ಳೆ ಗಿರಾಕಿ ಸಿಗ್ತಾರೆ ಬಿಡಿ.”

ಅವಳು ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಸೂಜಿ ಚುಚ್ಚುವುದೆಂದು ತೀರ್ಮಾನಿಸಿದ ಮೇಲೆ ರೋಗಿಯ ಅಭಿಪ್ರಾಯ ಕೇಳುವ ಅಭ್ಯಾಸವಿಲ್ಲ. ಆದರೆ ನಾನೂ ಚರಿತ್ರೆ ಮೇಷ್ಟ್ರು. ಕೋಟೆ, ಮುತ್ತಿಗೆ ಎಂದು ಇಪ್ಪತ್ತು ವರ್ಷ ಗಂಟಲು ಹರಿದುಕೊಂಡವನು ಸ್ವಂತ ಕೋಟೆಯನ್ನು ಸುಮ್ಮನೆ ಬಿಟ್ಟುಕೊಡುತ್ತೇನೆಯೇ? ಗಿರಾಕಿ ಎಂದು ಯಾರೇ ಬರಲಿ, ಮನೆಯ ಜಾತಕ ಬಿಚ್ಚಿಟ್ಟು ಓಡಿಸುವುದೆಂದು ಶಪಥ ಮಾಡಿದೆ.

ಮರುದಿನ ಗಂಡ-ಹೆಂಡತಿ ಇಬ್ಬರು ಮನೆ ನೋಡಲು ಬಂದರು. ನನ್ನವಳು ನೀರು ತರಲು ಒಳಗೆ ಹೋದದ್ದೇ ತಡ, ನಾನು ಶುರು ಮಾಡಿದೆ.

“ಈ ಸ್ವಿಚ್ ಒತ್ತಿ ನೋಡಿ. ಬಚ್ಚಲುಮನೆ ದೀಪ ಹತ್ತುತ್ತೆ. ಬಚ್ಚಲುಮನೆ ಸ್ವಿಚ್ ಒತ್ತಿದ್ರೆ ಏನೂ ಹತ್ತಲ್ಲ. ಆ ಬಾಗಿಲ ಚಿಲಕ ಹಾಕ್ಕೋಬೇಡಿ ಮತ್ತೆ, ನಮ್ಮ ಭಾವಮೈದ ಮೂರು ಗಂಟೆ ಒಳಗಿದ್ದ.”

ಅವರು ನೀರು ಮುಟ್ಟದೆ ಹೊರಟುಹೋದರು. ನನ್ನ ಎದೆ ಎರಡು ಇಂಚು ಉಬ್ಬಿತು.

ಗುರುವಾರ ಬಂದವನು ಬೇರೆ ಥರದವನು. ಕಿವಿಯ ಮೇಲೆ ಪೆನ್ಸಿಲ್, ಜೇಬಿನಲ್ಲಿ ಅಳತೆ ಟೇಪು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, “ಮತ್ತೇನಾದ್ರೂ ಇದೆಯಾ ಸಾರ್?” ಎಂದು ವಿನಯದಿಂದ ಕೇಳುತ್ತಿದ್ದ. ನನಗೆ ಹುರುಪು ಹತ್ತಿತು. ಬೀರುವನ್ನು ಸರಿಸಿ ಹಿಂದಿನ ಬಿರುಕು ತೋರಿಸಿದೆ. ಏಣಿ ಹತ್ತಿ ಸೂರಿಗೆ ಬೆರಳು ಚುಚ್ಚಿ, ಉದುರಿದ ಗಾರೆಯನ್ನು ಅವನ ಅಂಗೈಗೆ ಹಾಕಿದೆ. ಮಂಚದ ಕೆಳಗೆ ತೆವಳಿ ಹೋಗಿ, ನನ್ನ ಹೆಂಡತಿಗೂ ಗೊತ್ತಿರದ ಗೆದ್ದಲಿನ ಗೂಡೊಂದರ ದರ್ಶನ ಮಾಡಿಸಿದೆ.

“ಇಂಥ ಮನೇಲಿ ಮನುಷ್ಯರು ಇರ್ತಾರೇನ್ರೀ?” ಎಂದು ಗರ್ಜಿಸಿದೆ.

ಅವನು ಪುಸ್ತಕ ಮುಚ್ಚಿ ನನ್ನ ಹೆಂಡತಿಯ ಕಡೆ ತಿರುಗಿದ. “ಅಕ್ಕಾ, ನೀವು ಹೇಳಿದ್ದಕ್ಕಿಂತ ಜಾಸ್ತೀನೇ ಇದೆ. ಸೋಮವಾರ ಶುರು ಮಾಡೋಣ.”

“ಏನು ಶುರು ಮಾಡೋದು?” ಅಂದೆ.

“ರಿಪೇರಿ. ಇವರು ಗಾರೆ ಮೇಸ್ತ್ರಿ. ಮೊನ್ನೆ ಬಂದವರು ನಮ್ಮ ಆಸ್ಪತ್ರೆ ಲ್ಯಾಬಿನವರು,” ಅಂದಳು ಹೆಂಡತಿ. “ರೋಗಿ ತಾನೇ ಬಾಯಿಬಿಟ್ಟು ಎಲ್ಲೆಲ್ಲಿ ನೋವು ಅಂತ ಹೇಳದೆ ಚಿಕಿತ್ಸೆ ಹೇಗ್ರೀ ಮಾಡೋದು? ಈಗ ಹೇಳಿದೀರಲ್ಲ. ಸಾಕ್ಷಿ ಸಮೇತ.”

“ಹಾಗಾದ್ರೆ ಮನೆ ಮಾರಲ್ವಾ?”

“ಮಾವ ಕಟ್ಟಿಸಿದ ಮನೆ ನಾನ್ಯಾಕೆ ಮಾರ್ಲಿ?”

ನೋಡಿದಿರಾ? ಮನೆ ಉಳಿಯಿತು. ಗೆದ್ದವನು ನಾನೇ! ನಾನು ಮೀಸೆಯ ಮೇಲೆ ಕೈಯಿಡುವಷ್ಟರಲ್ಲಿ ಅವಳು ಹೇಳಿದಳು: “ಮೇಸ್ತ್ರಿಗೆ ಕೈಯಾಳು ಬೇಕಂತೆ. ನಿಮಗೆ ಹೇಗೂ ಸೋಮವಾರದಿಂದ ಬೇಸಿಗೆ ರಜಾ.”

ಇವತ್ತೇ ಆ ಸೋಮವಾರ. ಬೆಳಿಗ್ಗೆ ಮರಳು ಹೊರುತ್ತಾ ನೋಡಿದರೆ ಬೋರ್ಡು ಇನ್ನೂ ಗೇಟಿನ ಪಕ್ಕ ಒರಗಿತ್ತು.

“ಇದನ್ನ ಯಾಕೆ ಇಟ್ಕೊಂಡಿದೀಯ? ಎಸೀಬಾರ್ದಾ?” ಎಂದು ಗುಡುಗಿದೆ.

“ಇರ್ಲಿ ಬಿಡಿ. ‘ಮನೆ’ ಅನ್ನೋದನ್ನ ಮಾತ್ರ ಒರೆಸಿದೀನಿ.”

ಅವಳು ಒಮ್ಮೆ ಸ್ಕೂಟರ್ ಕಡೆ ನೋಡಿದಳು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಆ ಜಾಗದಲ್ಲಿ ಏನು ಬರೆಯೋದು ಅಂತ ಇನ್ನೂ ತೀರ್ಮಾನ ಮಾಡಿಲ್ಲ,” ಅಂದಳು.

ನಾನು ಬೇಗ ಬೇಗ ಬಾಂಡ್ಲಿ ಎತ್ತಿಕೊಂಡೆ.