ಬಿಳಿಯಾಗದ ಒಂದು ಹಲ್ಲು

ಚಿಕ್ಕಲಸಂದ್ರದಲ್ಲಿ ನನ್ನದೊಂದು ಹಲ್ಲಿನ ಕ್ಲಿನಿಕ್ ಇದೆ. ಪೇಷಂಟುಗಳು ನನಗೆ ಹೆದರಬೇಕು, ಆದರೆ ಇಲ್ಲಿ ಉಲ್ಟಾ. ಮನೆಯಲ್ಲೇ ಹಲ್ಲು ಬಿಳಿ ಮಾಡಿಕೊಳ್ಳುವವರು ಮೆಟ್ಟಿಲು ಹತ್ತಿದರೆ, ಏನು ಮಾಡಿಕೊಂಡು ಬಂದಿದ್ದಾರೋ ಅಂತ ನನ್ನ ಎದೆ ಡವಡವ ಅನ್ನುತ್ತದೆ.

ಬಿಸಿಲಿಗೆ ಹಿಡಿದು

ಪಕ್ಕದ ರಸ್ತೆಯ ಆಂಟಿ ಗಂಡನ ಜೊತೆ ಬಂದರು. ಮಗಳ ನಿಶ್ಚಿತಾರ್ಥದ ಫೋಟೊಗೆ ಹಲ್ಲು ಬೆಳ್ಳಗಾಗಬೇಕಂತೆ. ಬಣ್ಣ ಹೋಲಿಸಲು ಮಾದರಿ ಹಲ್ಲುಗಳ ಸಾಲೊಂದನ್ನು ಕೊಟ್ಟೆ. ಅವರು ಅದನ್ನು ಹಿಡಿದುಕೊಂಡು ಸೀದಾ ರಸ್ತೆಗೆ ನಡೆದರು. ಮ್ಯಾಚಿಂಗ್ ಸೆಂಟರಿನಲ್ಲೂ ಬ್ಲೌಸ್ ಪೀಸನ್ನು ಬಿಸಿಲಿಗೆ ಹಿಡಿದೇ ಕೊಳ್ಳುವುದಂತೆ. ಗಾಬರಿಯಾಗಿ ಹಿಂದೆ ಓಡಿದೆ. ಹಳದಿ ಹಲ್ಲು ಬಿಳುಪಿಗೆ ಹಚ್ಚುವ ಜೆಲ್‌ಗೆ ಚೆನ್ನಾಗಿ ಬಿಳಿಯಾಗುತ್ತದೆ, ಆದರೆ ಮೊದಲು ಬಾಯಿ ಪರೀಕ್ಷಿಸಬೇಕು ಅಂದೆ. ಆಂಟಿ ಗಂಡನ ಕಡೆ ನೋಡಿ, ಬಾಯಿ ಮುಚ್ಚಿಕೊಂಡು, ಆ ಜೆಲ್ಲಿನ ಕಿಟ್ ಆನ್‌ಲೈನ್‌ನಲ್ಲಿ ತರಿಸುತ್ತೇನೆಂದು ಹೊರಟೇಬಿಟ್ಟರು. ಅಷ್ಟರಲ್ಲಿ ರಸ್ತೆಬದಿಯಲ್ಲಿ ಹೂ ಮಾರುವವಳು ಅವರಿಗೆ ಬಣ್ಣ ಆರಿಸಿ ಕೊಟ್ಟಾಗಿತ್ತು.

ಅಂಕಲ್ ಸರದಿ

ಕೆಲವು ದಿನಗಳ ಮೇಲೆ ಅಂಕಲ್ ಒಬ್ಬರೇ ಬಂದರು, ಬೆವರುತ್ತಾ. ಹೆಂಡತಿಯ ಜೆಲ್ಲನ್ನು ಕದ್ದು ಧಾರಾಳವಾಗಿ ಬಳಿದುಕೊಂಡಿದ್ದರು. ಅವರದು ಚಿಕ್ಕಂದಿನ ಮಾತ್ರೆಗಳಿಂದ ಬೂದು ಬಣ್ಣಕ್ಕೆ ತಿರುಗಿದ ಹಲ್ಲು. ಅದು ಅಷ್ಟು ಸುಲಭಕ್ಕೆ ಜಗ್ಗುವುದಿಲ್ಲ.

"ಹಲ್ಲು ಹಂಗೇ ಇದೆ ಮೇಡಂ, ಒಸಡು ಬೆಳ್ಳಗಾಗಿದೆ," ಅಂದರು.

ಆ ಹಲ್ಲು

ನಿಶ್ಚಿತಾರ್ಥದ ಹಿಂದಿನ ದಿನ ಆಂಟಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಓಡಿ ಬಂದರು. ಬಾಯಿ ತೆರೆಸಿ ನೋಡಿದೆ. ಎಲ್ಲ ಹಲ್ಲು ಫಳಫಳ, ಮುಂದಿನದೊಂದು ಮಾತ್ರ ಹಳದಿ. ಅದು ಕ್ಯಾಪ್, ಹಲ್ಲಿನ ಮೇಲೆ ಕೂರಿಸಿದ ಕೃತಕ ಹೊದಿಕೆ. ಕ್ಯಾಪ್‌ಗೆ ಯಾವ ಜೆಲ್ಲೂ ಹತ್ತುವುದಿಲ್ಲ. ತಮ್ಮನ್ನು ಹುಡುಗಿ ನೋಡುವ ಶಾಸ್ತ್ರಕ್ಕೆ ಬರುವ ಮುಂಚೆ ಹಾಕಿಸಿದ್ದಂತೆ, ಇವತ್ತಿಗೂ ಗಂಡನಿಗೆ ಹೇಳಿಲ್ಲವಂತೆ. "ಬೀಗರ ಮುಂದೆ ನಮ್ ಯಜಮಾನ್ರಿಗೆ ಗೊತ್ತಾದ್ರೆ ನನ್ ಗತಿ ಏನು ಡಾಕ್ಟ್ರೇ," ಅಂತ ನಡುಗಿದರು. ಹೇಗೋ ಬಿಳಿಯ ತಾತ್ಕಾಲಿಕ ಕ್ಯಾಪ್ ಕೂರಿಸಿ ಕಳಿಸಿದೆ.

ಅವರು ಅತ್ತ ಹೋದರು, ಇತ್ತ ಅಂಕಲ್ ಬಾಗಿಲಿನಿಂದ ತಲೆ ಹಾಕಿದರು.

"ಕ್ಯಾಪ್ ಸರಿಹೋಯ್ತಾ ಮೇಡಂ?"

ಯಾವ ಕ್ಯಾಪ್ ಅಂತ ಏನೂ ಗೊತ್ತಿಲ್ಲದವಳಂತೆ ಕೇಳಿದೆ.

"ಮದುವೆಯಾದ ಮೊದಲನೇ ಸಂಕ್ರಾಂತಿಗೇ ಗೊತ್ತಾಯ್ತು, ಕ್ಯಾಪ್ ಕಿತ್ತು ಬರುತ್ತೆ ಅಂತ ಹೆದರಿ ಅವಳು ಕಬ್ಬು ಕಚ್ಚೋದೇ ಇಲ್ಲ. ನಂಗೆ ಗೊತ್ತು ಅಂತ ಮಾತ್ರ ಹೇಳ್ಬೇಡಿ," ಅಂದರು. ಹೆಂಡತಿಯ ಮರ್ಯಾದೆ ಕಾಯುವ ಗಂಡ ಅಂತ ನನ್ನ ಕಣ್ಣು ತುಂಬಿತು.

ಅವರು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದರು. "ವರ್ಷಾ ವರ್ಷಾ ಬಲವಂತ ಮಾಡಿ ಅವಳ ಕೈಗೆ ಕಬ್ಬು ಕೊಟ್ಟು, ಅವಳು ಬೇಡ ಅಂದ ಮೇಲೆ ಅವಳ ಪಾಲನ್ನೂ ನಾನೇ ತಿಂದಿದ್ದೀನಿ. ಬೇಕಂತಲೇ ಮಾಡಿದ್ದು ಅಂತ ಗೊತ್ತಾದ್ರೆ ನನ್ ಬಾಯಲ್ಲಿ ಬೂದು ಹಲ್ಲೂ ಉಳಿಯಲ್ಲ."