ಅವ್ವನ ಸೋಮವಾರವೂ ನನ್ನ ಪ್ಲೈವುಡ್ಡೂ

‘ಗೊತ್ತಿಲ್ಲ’ ಎಂಬ ಮಾತು ನನ್ನ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ. ಇದನ್ನು ನನ್ನ ಹೆಂಡತಿ ಸುಧಾ ಕಾಯಿಲೆ ಎನ್ನುತ್ತಾಳೆ, ನಾನು ಆತ್ಮವಿಶ್ವಾಸ ಎನ್ನುತ್ತೇನೆ. ಚಾಮರಾಜನಗರದ ಬಸ್ ನಿಲ್ದಾಣದಲ್ಲಿ ಯಾರೋ ಇನ್ಯಾರನ್ನೋ ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ಕೇಳುತ್ತಿದ್ದರೆ, ನಾನು ನಡುವೆ ಬಾಯಿ ಹಾಕಿ ದಾರಿ ಹೇಳುವುದಲ್ಲದೆ, ಮೇಲೆ ಚಳಿ ಇರುತ್ತದೆ, ಮಗುವಿಗೆ ಟೋಪಿ ಹಾಕಿ ಎಂದೂ ಸೇರಿಸಿ ಬರುತ್ತೇನೆ. ಇಂಥ ನಾನು ಹೊಸ ಮನೆಯ ಅಡುಗೆಮನೆಗೆ ಯಾವ ಹಲಗೆಯಲ್ಲಿ ಕಬೋರ್ಡು ಮಾಡಿಸಬೇಕೆಂದು ತಿಳಿಯದೆ ತಬ್ಬಿಬ್ಬಾದೆ ಎಂದು ನೆಂಟರಲ್ಲಿ ಕೆಲವರು ಹೇಳಿಕೊಂಡು ತಿರುಗುತ್ತಿದ್ದಾರೆ. ಶುದ್ಧ ಸುಳ್ಳು. ನನಗೆ ಎಲ್ಲ ತಿಳಿದಿತ್ತು. ತಿಳಿದದ್ದು ಹೆಚ್ಚಾಗಿ ಸ್ವಲ್ಪ ತಡವಾಯಿತು, ಅಷ್ಟೆ.

ತೊಂದರೆ ಇದ್ದದ್ದು ಹಲಗೆಯಲ್ಲಲ್ಲ, ಸೋಮವಾರದಲ್ಲಿ. ಸೋಮವಾರ ಬೆಳಗಾದರೆ ನಮ್ಮವ್ವ ಪೂಜೆಗೆ ಕೂರುವ ಮೊದಲು ಅಡುಗೆಮನೆಗೆ ಬಿಂದಿಗೆ ಬಿಂದಿಗೆ ನೀರು ಹೊಯ್ದು, ಕಡ್ಡಿ ಪೊರಕೆಯಲ್ಲಿ ಗುಡಿಸಿ ಹಿತ್ತಿಲಿಗೆ ತಳ್ಳಬೇಕು. ಅವ್ವ ಹೊಯ್ದ ನೀರು ಸುಮ್ಮನೆ ನೆಲಕ್ಕೆ ಬೀಳುವ ಜಾತಿಯದಲ್ಲ. ಮೊದಲು ಗೋಡೆಗೆ ಬಡಿದು, ಆಮೇಲೆ ನೆಲಕ್ಕೆ ಇಳಿಯುತ್ತದೆ. ಹಳೆ ಮನೆಯಲ್ಲಿ ಕಲ್ಲಿನ ಕಟ್ಟೆ ಇತ್ತು, ಏನು ಹೊಯ್ದರೂ ನಡೆಯುತ್ತಿತ್ತು. ಹೊಸ ಮನೆಯಲ್ಲಿ ಒಲೆಕಟ್ಟೆಯ ಕೆಳಗೆಲ್ಲ ಕಬೋರ್ಡು ಬರಬೇಕೆಂಬುದು ಸುಧಾಳ ಬಹುದಿನದ ಆಸೆ. ದಿನವೂ ಗುಂಡ್ಲುಪೇಟೆಯ ಬ್ಯಾಂಕಿಗೆ ಬಸ್ಸಿನಲ್ಲಿ ಹೋಗಿಬಂದು ಸುಸ್ತಾಗುವ ಅವಳಿಗೆ ಪಾತ್ರೆಗಳು ಕಣ್ಣಿಗೆ ಬೀಳದಂತೆ ಬಾಗಿಲು ಮುಚ್ಚಿಬಿಡುವುದೇ ಒಂದು ನೆಮ್ಮದಿ. ಅವಳ ತಂಗಿಯ ಮನೆಯಲ್ಲಿ ಅಂಥದೇ ಕಬೋರ್ಡು ಮಾಡಿಸಿ, ಕೆಳಗಿನ ಬಾಗಿಲುಗಳೆಲ್ಲ ಹಾಲಿಗೆ ಹಾಕಿದ ರಸ್ಕಿನಂತೆ ಉಬ್ಬಿದ್ದನ್ನು ಕಂಡು ಬಂದ ದಿನ ನಮ್ಮ ಮನೆಯಲ್ಲಿ ಗಡಿ ಎಳೆದಂತಾಯಿತು.

“ರೀ, ಅತ್ತೆ ಇನ್ನುಮೇಲೆ ಒದ್ದೆ ಬಟ್ಟೇಲಿ ಒರೆಸಲಿ. ಇಲ್ಲಾ ಕಬೋರ್ಡೇ ಬೇಡ, ಒಂದು ಹಳೆ ಸೀರೆ ಪರದೆ ಕಟ್ಟಿಬಿಡಿ,” ಎಂದಳು ಸುಧಾ.

ಅವ್ವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದವಳು ತಲೆ ಎತ್ತದೆ ಹೇಳಿದಳು: “ಸ್ವಾಮಾರದ ದಿನ ನೀರು ಉಯ್ಯದೆ ಶಿವನ ಮುಂದ ಕೂತ್ಕೊಳ್ಳಾದಾ? ಹಂಗಾದ್ರ ನನ್ನ ಹಳೆ ಮನೇಲೇ ಬುಟ್ಬುಡು ಮಗ. ನೀವು ನಿಮ್ ಪೆಟ್ಟಿಗೆ ಜೊತೆ ಸುಖವಾಗಿರಿ.”

ಇಬ್ಬರೂ ನನ್ನ ಕಡೆ ನೋಡಿದರು. ಅವ್ವನನ್ನು ಬಿಟ್ಟು ಹೊಸ ಮನೆಗೆ ಹಾಲು ಉಕ್ಕಿಸಲು ಹೋಗುವುದು ಸಾಧ್ಯವೇ ಇರಲಿಲ್ಲ. ಸುಧಾಳ ಆಸೆಗೆ ಹಳೆ ಸೀರೆ ಕಟ್ಟುವುದೂ ನನಗೆ ಮನಸ್ಸಿಲ್ಲ. ಇಬ್ಬರನ್ನೂ ಒಂದೇ ಅಡುಗೆಮನೆಯಲ್ಲಿ ಉಳಿಸಬಲ್ಲ ಹಲಗೆ ಜಗತ್ತಿನಲ್ಲಿ ಇದ್ದೇ ಇರಬೇಕು, ಅದನ್ನು ನಾನು ಹುಡುಕುತ್ತೇನೆ ಎಂದು ಘೋಷಿಸಿದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ನನ್ನಿಂದಾಗದಿದ್ದರೆ ಇನ್ಯಾರಿಂದ ಆದೀತು?

ಗುಂಡ್ಲುಪೇಟೆಯಲ್ಲಿ ಕೇರಳದ ಕಡೆಯ ಜೋಸಣ್ಣನ ಪ್ಲೈವುಡ್ ಅಂಗಡಿಯಿದೆ. ಅವರ ಮಾಲು ಕಾಡು ದಾಟಿ ಬರಬೇಕು. ರಾತ್ರಿ ಅರಣ್ಯದವರು ಗೇಟು ಹಾಕುವುದರೊಳಗೆ ಲಾರಿ ದಾಟದಿದ್ದರೆ ಬಂಡೀಪುರದ ಆಚೆಗೇ ಉಳಿಯಿತು ಎಂದೇ ಲೆಕ್ಕ. ಹಾಗಾಗಿ ನಾನು ಹೋದಾಗಲೆಲ್ಲ ಅವರಿಗೆ ಪುರುಸೊತ್ತು ಇರುತ್ತಿತ್ತು, ನನಗಂತೂ ಇದ್ದೇ ಇತ್ತು. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಚೂರನ್ನು ಅಂಟು ಹಾಕಿ ಒತ್ತಿದ್ದು. ಒಣಗಿದ ಜಾಗದಲ್ಲಿ ಸರಿ, ನೀರು ಕಂಡರೆ ಅದರ ಕಥೆ ಮುಗಿಯಿತು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ನೋಡಲು ನುಣುಪು, ಬಣ್ಣಕ್ಕೆ ಹೇಳಿ ಮಾಡಿಸಿದ್ದು, ಆದರೆ ಸಾಮಾನ್ಯದ್ದು ನೆನೆದರೆ ಅದೂ ಬಿಸ್ಕತ್ತೇ. ಬ್ಲಾಕ್ ಬೋರ್ಡಿನ ಹೊಟ್ಟೆಯಲ್ಲಿ ಮರದ ಪಟ್ಟಿಗಳಿರುವುದರಿಂದ ಉದ್ದನೆಯ ಬಾಗಿಲು ಬಾಗುವುದಿಲ್ಲ. ತೆಳುವಾದ ಪದರಗಳನ್ನು ಒಂದು ಅಡ್ಡ, ಒಂದು ಉದ್ದ ಹೀಗೆ ಅಂಟಿಸಿದ್ದು ಪ್ಲೈವುಡ್. ಅದರಲ್ಲೂ ಬರೀ ತೇವ ತಡೆಯುವುದು ಬೇರೆ, ಕುದಿಯುವ ನೀರಿಗೂ ಪದರ ಬಿಡದ್ದು ಬೇರೆ. ಇಷ್ಟನ್ನೂ ನಾನು ಜೋಸಣ್ಣನಿಗೇ ವಿವರಿಸಿದೆ. ಅವರು ಟೀ ತರಿಸಿ, “ಸಾರ್, ನೀವು ದಯವಿಟ್ಟು ಈ ರೋಡಲ್ಲಿ ಅಂಗಡಿ ಹಾಕಬೇಡಿ, ನನ್ನ ಹೊಟ್ಟೆಪಾಡು ನೋಡಿ,” ಎಂದರು. ನನಗೆ ಸಂತೋಷವಾಯಿತು. ಪ್ರತಿಯೊಂದರ ಒಂದೊಂದು ತುಂಡು ಚೀಲಕ್ಕೆ ಹಾಕಿಕೊಂಡು ಬಂದೆ.

ಆ ತುಂಡುಗಳು ಬಂದ ಮೇಲೆ ಮನೆಗೆ ಬಂದವರೆಲ್ಲ ಪರೀಕ್ಷಕರಾದರು. ಒಬ್ಬರು ತೆಂಗಿನಕಾಯಿಗೆ ತಟ್ಟಿದ ಹಾಗೆ ತಟ್ಟಿ ಕಿವಿಗೊಟ್ಟರು, ಇನ್ನೊಬ್ಬರು ಮೂಸಿದರು. ಉಮ್ಮತ್ತೂರಿನಿಂದ ಬಂದ ನನ್ನ ಸೋದರಮಾವ ಒಂದನ್ನು ಕೈಯಲ್ಲಿ ತೂಗಿ ನೋಡಿ, “ಇದ್ಯಾವ ಮರ ಕಣ್ಲಾ?” ಎಂದ. ಹಲವು ಮರ ಸೇರಿ ಆಗಿದ್ದು ಮಾವ ಎಂದೆ. “ಹಂಗಾರ ಹೆಸ್ರಿಲ್ದ ಮರ ಅನ್ನು. ಹೊನ್ನೆ ಬುಟ್ಟು ಅಂಟಿನ್ ಕೆಲ್ಸ ಮಾಡಿಸ್ತಾ ಕೂತಿದ್ದೀಯಲ್ಲ, ನಿಂಗ ಬುದ್ಧಿ ಅದನಾ?” ಎಂದು ಎದ್ದುಹೋದ. ಮಾವನಿಗೆ ಏನು ಗೊತ್ತು, ಬಿಡಿ.

ನನಗೆ ಬಾಯಿಮಾತು ಬೇಡ, ಪ್ರಯೋಗ ಬೇಕು. ಪಾರ್ಟಿಕಲ್ ಬೋರ್ಡು ಬಕೀಟಿನಲ್ಲಿ ಒಂದು ರಾತ್ರಿಗೇ ಶರಣಾಯಿತು. ಎಂಡಿಎಫ್ ಬೆಳಗಾಗುವಷ್ಟರಲ್ಲಿ ದಪ್ಪಗಾಗಿ ಕೂತಿತ್ತು. ಜಲನಿರೋಧಕ ಪ್ಲೈವುಡ್ಡಿಗೆ ಬಕೀಟು ಸಾಲದು, ಕುದಿಯುವ ನೀರೇ ಬೇಕೆಂದು ಬಚ್ಚಲುಮನೆಯ ಹಂಡೆಗೆ ಹಾಕಿ ಸೌದೆ ಒಟ್ಟಿದೆ. ಸ್ನಾನದ ನೀರು ತೋಡಲು ಬಂದ ಅವ್ವನ ಚೊಂಬಿಗೆ ತುಂಡು ಸಿಕ್ಕಿತು.

“ಯಾನ್ಲಾ ಇದು, ಹಲಗೆ ಬೇಯಿಸ್ತಿದ್ದೀಯೆ?”

“ಪರೀಕ್ಷೆ ಕಣವ್ವ.”

“ಉಪ್ಪು ಹಾಕಿದ್ದೀಯಾ?” ಎಂದು ಕೇಳಿ, ಸುಧಾಳನ್ನು ಕರೆದು ತೋರಿಸಿದಳು. ಆ ದಿನ ಮನೆಮಂದಿಯೆಲ್ಲ ಅಂಟಿನ ವಾಸನೆಯ ನೀರಿನಲ್ಲಿ ಸ್ನಾನ ಮಾಡಿದೆವು. ಸುಧಾ ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನವರಿಂದ ಸ್ವಲ್ಪ ದೂರವೇ ಕೂತಿದ್ದಳಂತೆ. ಆದರೆ ತುಂಡು ನೋಡಿ! ಒಂದು ಪದರ ಬಿಟ್ಟಿರಲಿಲ್ಲ, ಒಂದು ಮೂಲೆ ಎದ್ದಿರಲಿಲ್ಲ. ನಾನು ಅದನ್ನು ಹಿಡಿದು ಮನೆಯಿಡೀ ಓಡಾಡಿದೆ. ಕೆಳಗಿನ ಕಬೋರ್ಡಿಗೆಲ್ಲ ಇದೇ, ಅಂಚುಗಳನ್ನೂ ಬಿಡದೆ ಮುಚ್ಚಬೇಕು, ಮೇಲಿನ ಉದ್ದ ಬಾಗಿಲಿಗೆ ಬ್ಲಾಕ್ ಬೋರ್ಡು ಎಂದು ತೀರ್ಪು ಕೊಟ್ಟೆ. “ಅವ್ವ, ಈಗ ಕಾವೇರಿ ಹೊಳೇನೇ ತಂದು ಹೊಯ್ಯಿ, ಏನೂ ಆಗಲ್ಲ,” ಎಂದೆ. ಸುಧಾಳಿಗೆ, “ನಿನ್ನ ಬಾಗಿಲು ಉಬ್ಬಿದರೆ ನನ್ನ ಕಿವಿ ಹಿಂಡು,” ಎಂದೆ. ಇಬ್ಬರೂ ಒಪ್ಪಿದರು. ಆ ಕ್ಷಣದಲ್ಲಿ ನನಗೆ ನನ್ನ ಬಗ್ಗೆ ಇದ್ದ ಗೌರವ ಹೇಳತೀರದು.

ಕೆಲಸವೇನೋ ಸೊಗಸಾಗಿಯೇ ಆಯಿತು. ಆದರೆ ಬಡಗಿ ನನ್ನ ಹಲಗೆಯ ಮೇಲೆಲ್ಲ ಸುಧಾ ಆರಿಸಿದ ಮಾವಿನ ಚಿಗುರಿನ ಬಣ್ಣದ ಲ್ಯಾಮಿನೇಟ್ ಹಾಳೆ ಅಂಟಿಸಿಬಿಟ್ಟ. ಗೃಹಪ್ರವೇಶಕ್ಕೆ ಬಂದವರೆಲ್ಲ ಆ ಬಣ್ಣವನ್ನು ಹೊಗಳಿದರು. ಒಳಗೇನಿದೆ ಎಂದು ಒಬ್ಬ ಮನುಷ್ಯನೂ ಕೇಳಲಿಲ್ಲ. ಇರಲಿ, ಮೊದಲ ಸೋಮವಾರ ಬರಲಿ, ಅವ್ವನ ನೀರೇ ನನ್ನ ಹಲಗೆಯ ಗುಣ ಸಾರುತ್ತದೆ ಎಂದು ಕಾದೆ.

ಸೋಮವಾರ ಬಂತು. ಅವ್ವ ಅಡುಗೆಮನೆಗೆ ಬಂದು, ಬಾಗಿಲೊಂದನ್ನು ಸವರಿ, ಸೆರಗಿನಿಂದ ಒರೆಸಿದಳು. ಆಮೇಲೆ ಒದ್ದೆ ಬಟ್ಟೆ ತಂದು, ಮಗುವಿನ ಮುಖ ಒರೆಸುವ ಹಾಗೆ ನೆಲ ಒರೆಸತೊಡಗಿದಳು.

“ನೀರು ಹೊಯ್ಯಲ್ವಾ ಅವ್ವ?” ಎಂದೆ.

“ಇಷ್ಟು ಚೆಂದಾಗದ, ಇದಕ್ಕ ನೀರು ಉಯ್ಯಕ್ಕ ಮನಸಾದರೂ ಹೆಂಗ್ ಬತ್ತದ? ಶಿವನಿಗೂ ಕಣ್ಣದ ಬುಡು.”

ಅದರ ಮುಂದಿನ ಸೋಮವಾರವೂ ಬಟ್ಟೆ. ಆಮೇಲೂ ಬಟ್ಟೆ. ಸುಧಾ ಅತ್ತೆಗೆಂದು ಉದ್ದ ಹಿಡಿಯ ಮಾಪು ತಂದುಕೊಟ್ಟಳು. ಹಂಡೆಯಲ್ಲಿ ಬೆಂದು ಗೆದ್ದ ನನ್ನ ಪ್ಲೈವುಡ್ಡಿನ ಮೇಲೆ ಒಂದು ಹನಿ ನೀರು ಬೀಳಲಿಲ್ಲ. ನನಗೆ ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ. ಬರೀ ಒರೆಸುವುದಕ್ಕಾದರೆ ಆ ರಸ್ಕಿನಂಥ ಹಲಗೆಯನ್ನೇ ಹಾಕಿಸಬಹುದಿತ್ತಲ್ಲ!

ಕಾರ್ತಿಕದ ಕಡೆಯ ಸೋಮವಾರ ಅತ್ತೆ ಸೊಸೆ ಇಬ್ಬರೂ ದೇವಸ್ಥಾನಕ್ಕೆ ಹೋದರು. ನಾನು ಪಂಚೆ ಎತ್ತಿಕಟ್ಟಿ, ಬಿಂದಿಗೆ ತುಂಬಿ, ಥೇಟ್ ಅವ್ವನ ಹಾಗೆಯೇ ಗೋಡೆಗೆ ಬಡಿಯುವಂತೆ ಹೊಯ್ದೆ. ಸಾಲದೆ ಇನ್ನೊಂದು ಹೊಯ್ದೆ. ನಡುಮನೆಯವರೆಗೂ ನೀರು ಹರಿಯಿತು. ಅದರ ನಡುವೆ ಮಣೆ ಹಾಕಿಕೊಂಡು ಬಾಗಿಲುಗಳನ್ನೇ ನೋಡುತ್ತ ಕೂತಿದ್ದಾಗ ಇಬ್ಬರೂ ಬಂದರು.

“ಅಯ್ಯೋ ಶಿವನೇ, ಯಾನ್ಲಾ ಮಾಡ್ಬುಟ್ಟೆ!” ಎಂದು ಅವ್ವ ಚೀರಿದಳು.

“ಅತ್ತೆ ಇಷ್ಟು ಜೋಪಾನ ಮಾಡಿದ್ದನ್ನ ಹಾಳು ಮಾಡೋಕೆ ನಿಮಗೆ ಮನಸ್ಸಾದರೂ ಹೇಗೆ ಬಂತು ರೀ?” ಎಂದಳು ಸುಧಾ.

“ನೀ ಒಳಕ್ಕ ಬರಬೇಡ ಕಣವ್ವ, ಕಾಲು ಜಾರ್ತದ. ಅವನೇ ಬಳೀಲಿ,” ಎಂದು ಅವ್ವ ಸೊಸೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

ನಾನು ಮಂಡಿಯೂರಿ ಬಳಿದೆ. ಬಳಿಯುತ್ತಲೇ ಕೆಳಗಿನ ಬಾಗಿಲ ಅಂಚನ್ನು ಬೆರಳಿನಿಂದ ಸವರಿ ನೋಡಿದೆ. ಕೂದಲಷ್ಟೂ ಉಬ್ಬಿರಲಿಲ್ಲ.

“ನೋಡಿ, ಬಂದು ನೋಡಿ ಇಬ್ಬರೂ!” ಎಂದೆ.

“ಆ ಮೂಲೇಲಿ ಇನ್ನೂ ನೀರದ ನೋಡು,” ಎಂದಳು ಅವ್ವ. “ಸಿಂಕಿನ ಕೆಳಗೂ ಇದೆ,” ಎಂದಳು ಸುಧಾ.