ಅಟ್ಟ ಹತ್ತಿದ ಪರಿಹಾರ

“ಅಂಗಾರೆ ಗೆದ್ದಿದ್ದು ನಾವಾ, ಅವ್ನಾ? ಅದೊಂದು ಹೇಳ್ರೀ ಮೊದ್ಲು!”

ಹಾಲ್ಕುರಿಕೆಯ ದ್ರಾಕ್ಷಾಯಣಮ್ಮ ತೆಂಗಿನ ಗರಿ ಸೀಳುತ್ತ ಗಂಡನನ್ನು ಕೇಳಿದರು. ಬಸವರಾಜಪ್ಪ ಆಗಷ್ಟೇ ಕೋರ್ಟಿನಿಂದ ಬಂದು ಜಗಲಿಯಲ್ಲಿ ಕೂತಿದ್ದರು. ದಾಸಣ್ಣನ ಆಡುಗಳು ಇವರ ತೋಟಕ್ಕೆ ನುಗ್ಗಿ ತೆಂಗಿನ ಸಸಿ ಮೇಯ್ದಿದ್ದವು. ದಾಸಣ್ಣ ಪರಿಹಾರ ಕೊಡಬೇಕೆಂದು ತೀರ್ಪೂ ಆಗಿತ್ತು.

ಬಸವರಾಜಪ್ಪ: ನಾವೇ ಕಣೇ. ಅವ್ನು ಅಪೀಲ್ ಹಾಕವ್ನೆ. ಸ್ಟೇ ಬೇಕಂದ್ರೆ ದುಡ್ಡು ಕಟ್ಟು ಅಂದ್ರು ಜಡ್ಜು. ಕಟ್ಟವ್ನೆ.

ದ್ರಾಕ್ಷಾಯಣಮ್ಮ: ಮತ್ತೆ ಬರೀ ಕೈಲಿ ಬಂದಿದೀರ?

ಬಸವರಾಜಪ್ಪ: ಕಟ್ಟಿರೋದು ಕೋರ್ಟಿಗೆ, ನಮ್ಗಲ್ಲ.

ದ್ರಾಕ್ಷಾಯಣಮ್ಮ: ಆಡು ಮೇಯ್ದಿದ್ದು ಕೋರ್ಟಿನ ಸಸೀನಾ?

ಬಸವರಾಜಪ್ಪ: ಅಯ್ಯೋ, ನಮ್ಮ ಅಟ್ಟದ ಕಾಯಿ ನಮ್ದೇ ತಾನೇ? ಆದ್ರೂ ಒಣಗಿ ಕೊಬ್ಬರಿ ಆಗೋಗಂಟ ಇಳ್ಸಂಗಿಲ್ಲ. ಇದೂ ಅಂಗೇಯ. ಅಪೀಲು ಮುಗಿಯೋಗಂಟ ಅಟ್ಟದ ಮ್ಯಾಲೆ.

ದ್ರಾಕ್ಷಾಯಣಮ್ಮ: ಕಾಯಿ ವರ್ಷಕ್ಕೆ ಕೊಬ್ಬರಿ ಆಯ್ತದೆ. ಇದು?

ಬಸವರಾಜಪ್ಪ: ಜಡ್ಜಿಗೂ ಗೊತ್ತಿಲ್ಲ.

ದ್ರಾಕ್ಷಾಯಣಮ್ಮ: ಒಂಚೂರು ಅಲ್ಲಾಡ್ಸಿ ನೋಡ್ಬೇಕಿತ್ತು, ಒಣಗಿದ್ ಕಾಯಿ ಥರ ಗಡಗಡ ಅಂತದಾ ಅಂತ.

ಬಸವರಾಜಪ್ಪ: ಯಾರ್ನ, ಜಡ್ಜನ್ನ?

ದ್ರಾಕ್ಷಾಯಣಮ್ಮ: ಅಲ್ಲೀಗಂಟ ಬೇಲಿ ಇಲ್ದೆ ಉಳಿದಿರೋ ಸಸೀನೂ ಹೋಯ್ತವೆ ಕಣ್ರೀ!

ಬಸವರಾಜಪ್ಪ: ಒಂದು ದಾರಿ ಐತೆ. ಜಾಮೀನು ಕೊಟ್ರೆ ಈಗ್ಲೇ ಬಿಡಿಸ್ಕೋಬೋದು. ಅಪೀಲಲ್ಲಿ ಸೋತ್ರೆ ನಾನು ವಾಪಸ್ ಕಟ್ಟಬೇಕು. ನಾನು ಕಟ್ಟದಿದ್ರೆ ಜಾಮೀನು ನಿಂತೋನು ಕಟ್ಟಬೇಕು.

ದ್ರಾಕ್ಷಾಯಣಮ್ಮ: ನಮ್ಮಣ್ಣ ಪರಮೇಶ ಇಲ್ವಾ?

ಬಸವರಾಜಪ್ಪ: ಕೇಳ್ದೆ. ಸೊಂಟ ಹಿಡ್ಕೊಂಡೈತೆ ಅಂದ.

ದ್ರಾಕ್ಷಾಯಣಮ್ಮ: ಸೈನ್ ಹಾಕಾಕೆ ಸೊಂಟ ಯಾಕೆ?

ಬಸವರಾಜಪ್ಪ: ನಿಮ್ಮಣ್ಣನ್ನೇ ಕೇಳು.

ಅಷ್ಟರಲ್ಲಿ ದಾಸಣ್ಣನೇ ಬಂದ. ವಾದಿ, ಪ್ರತಿವಾದಿ ಇಬ್ಬರೂ ಕೋರ್ಟಿಗೆ ಹೋಗಿಬರುವುದು ಬಸವರಾಜಪ್ಪನವರ ಬೈಕಿನಲ್ಲೇ. ಇವತ್ತು ದಾಸಣ್ಣ ತನ್ನ ಟವೆಲ್ಲನ್ನು ಅದರಲ್ಲೇ ಮರೆತುಹೋಗಿದ್ದ.

ದಾಸಣ್ಣ: ಎಲ್ಲಾ ಕೇಳುಸ್ತು. ಜಾಮೀನಿಗೆ ನಾನೇ ಬತ್ತೀನಿ ಬುಡಿ ಯಜಮಾನ್ರೇ.

ಬಸವರಾಜಪ್ಪ: ನೀನು ಎದುರು ಪಾರ್ಟಿ ಕಣಯ್ಯ! ನಾನು ಕಟ್ಟದಿದ್ರೆ ನಿನ್ ದುಡ್ಡ ನೀನೇ ನಿಂಗೆ ಕೊಡ್ತೀಯಾ?

ದಾಸಣ್ಣ: ನಂಗೆ ನನ್ ಮ್ಯಾಲೆ ನಂಬ್ಕೆ ಐತೆ.

ದ್ರಾಕ್ಷಾಯಣಮ್ಮ: ಕೋರ್ಟಿಗೆ ಇರಬೇಕಲ್ಲಪ್ಪ!

ದಾಸಣ್ಣ: ಸರಿ ಬುಡಿ ಅಕ್ಕಾ. ಜಾಮೀನಿಲ್ದೆ ನಿಮ್ಗೆ ಕೊಡಾಕೆ ನಮ್ದೇನೂ ತಕರಾರಿಲ್ಲ ಅಂತ ಲಾಯರ್ ಕೈಲಿ ಹೇಳುಸ್ತೀನಿ. ಆದ್ರೆ ಆ ದುಡ್ಡಲ್ಲಿ ಬೇಲೀನೇ ಹಾಕುಸ್ಬೇಕು.



ದ್ರಾಕ್ಷಾಯಣಮ್ಮ: ಬೇಲಿ ಹಾಕೋದೇ ನಿನ್ ಆಡಿಗೆ ಕಣೋ! ಇಷ್ಟ್ ಒಳ್ಳೆ ಬುದ್ಧಿ ಎಲ್ಲಿಂದ ಬಂತು?

ದಾಸಣ್ಣ: ಕಲ್ಲುಕಂಬನೇ ನೆಡ್ಸಿ ಅಕ್ಕಾ, ತಂತಿನೂ ಗಟ್ಟಿದೇ ಇರ್ಲಿ. ನಾನು ಸೋತ್ರೆ, ಆಡು ಒಳಿಕ್ಕೆ ಬರಾಕಿಲ್ಲ, ಇನ್ನೊಂದು ಕೇಸ್ ತಪ್ತದೆ. ಗೆದ್ರೆ ನಂಗೆ ದುಡ್ಡು ಬ್ಯಾಡ, ಬೇಲಿನೇ ಕಿತ್ಕೊಂಡೋಯ್ತೀನಿ. ನಮ್ ಆಡಿನ ದೊಡ್ಡಿಗೂ ಒಂದು ಬೇಕಾಗಿತ್ತು.

ದುಡ್ಡು ಬಂತು, ಬೇಲಿ ಕೆಲಸವೂ ಶುರುವಾಯಿತು. ಹಾಲ್ಕುರಿಕೆ ಕಡೆ ಹೋದರೆ ಅವರ ತೋಟಕ್ಕೂ ಒಂದು ಸಲ ಹೋಗಿ ಬನ್ನಿ. “ಇನ್ನೊಂದು ಮೊಳ ಆಳ ತೋಡು” ಅಂತ ಬಸವರಾಜಪ್ಪ, “ಸಾಕು ಬುಡಿ, ನಾಳೆ ಕೀಳೋನು ನಾನು” ಅಂತ ದಾಸಣ್ಣ, ಒಂದೇ ಗುಂಡಿಯ ಆಚೆ ಈಚೆ ನಿಂತಿರುತ್ತಾರೆ. ಎಷ್ಟು ಆಳ ಅಂತ ನೀವಾದರೂ ತೀರ್ಪು ಕೊಡಿ. ಅಪೀಲು ಹೇಗೂ ಇದ್ದೇ ಇದೆ.